ಇಪ್ಪತ್ತೇಳನೆಯ ಔಟ್

ಆ ಭಾನುವಾರದ ರಾಮಾಯಣಕ್ಕೆಲ್ಲ ಕಾರಣ ಒಂದು ಕಾರು. ಬೆಳಿಗ್ಗೆ ಒಂಬತ್ತಕ್ಕೇ ವಿಜಯಶ್ರೀ ಅದನ್ನು ತೆಗೆದುಕೊಂಡು ಪಕ್ಕದೂರು ಡುವಾಲ್‌ಗೆ ಹೊರಟುಬಿಟ್ಟಳು. ಅಲ್ಲಿ ಅವಳ ಗೆಳತಿ ಮೈತ್ರಿಯ ಹೊಸ ಮನೆಯ ಗೃಹಪ್ರವೇಶ. ಹೊರಡುವ ಮುಂಚೆ ಗಂಡನನ್ನೂ ಒಂದು ಮಾತು ಕರೆದಳು, ಅವನು ಬರುವುದಿಲ್ಲವೆಂದು ಗೊತ್ತಿದ್ದೇ ಕರೆದಳು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಗಂಡ ಬೇಸ್‌ಬಾಲಿನವನು, ಉಳಿದ ಆರು ತಿಂಗಳು ತನ್ನವನು ಎಂಬ ರಾಜಿಗೆ ಅವಳು ಮದುವೆಯಾದ ಎರಡನೆಯ ವರ್ಷವೇ ಬಂದಿದ್ದಳು.

ಚಂದ್ರಶೇಖರನಿಗೆ ಬಸ್ಸಿನಲ್ಲಿ ಹೋಗಲು ಏನೂ ತೊಂದರೆಯಿರಲಿಲ್ಲ. ಅವರ ಮನೆಯಿರುವ ಟೋಟೆಮ್ ಲೇಕ್‌ನಿಂದ ಸಿಯಾಟಲ್ ಸ್ಟೇಡಿಯಮ್ಮಿಗೆ ಬಸ್ಸು, ರೈಲು ಹತ್ತಿ ಒಬ್ಬನೇ ಹೋಗಿ, ಒಬ್ಬನೇ ಆಟ ನೋಡಿ, ಒಬ್ಬನೇ ಹಿಂದಿರುಗುವುದೇ ಅವನ ಪದ್ಧತಿ. ದೇವಸ್ಥಾನಕ್ಕೆ ಗುಂಪಿನಲ್ಲಿ ಹೋದರೆ ಗರ್ಭಗುಡಿಗಿಂತ ಚಪ್ಪಲಿಯ ಕಡೆಗೇ ಗಮನ ಹೋಗುತ್ತದೆ ಎಂಬುದು ಅವನ ವಾದ. ಆದರೆ ಆ ದಿನ ತಾಯಿ ಸಾಕಮ್ಮ ಮನೆಯಲ್ಲಿ ಉಳಿದಿದ್ದರು. ಡುವಾಲ್ ದಾರಿಯ ತಿರುವುಗಳಲ್ಲಿ ಹೋದ ತಿಂಗಳು ಒಮ್ಮೆ ವಾಂತಿ ಮಾಡಿಕೊಂಡಿದ್ದ ಅವರು, ಇನ್ನೊಂದು ಸಲ ಆ ಕಡೆ ತಲೆ ಹಾಕುವುದಿಲ್ಲವೆಂದು ಮಂಜುನಾಥನ ಮೇಲೆ ಆಣೆ ಇಟ್ಟಿದ್ದರು.

"ನಾನೂ ನಿನ್ ಜೊತೆ ಬತ್ತೀನಿ ಕಣಪ್ಪ," ಎಂದರು ಸಾಕಮ್ಮ, ನಿಪ್ಪಟ್ಟಿನ ಡಬ್ಬಿಗೆ ಮುಚ್ಚಳ ಹಾಕುತ್ತ. "ದಿನಾ ಸಾಯಂಕಾಲ ಆ ರೇಡಿಯೋಗೆ ಕಿವಿ ಕೊಟ್ಕೊಂಡು ಕುಂತಿರ್ತೀಯಲ್ಲ, ಅದೇನು ಅಂತ ಕಣ್ಣಲ್ಲೇ ನೋಡಾನ."

ಎಪ್ಪತ್ತೆಂಟು ವರ್ಷದ ತಾಯಿಯನ್ನು ಎರಡು ವಾಹನ ಹತ್ತಿಸಿ ಇಳಿಸುವುದು ಹೇಗೆ ಎಂದು ಚಂದ್ರಶೇಖರ ಯೋಚಿಸುತ್ತಿರುವಾಗಲೇ ಕೆಳಗಿನ ಮನೆಯ ಗಣಪತಿ ಬಾಗಿಲಲ್ಲಿ ನಿಂತಿದ್ದ. ಆ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯಲ್ಲಿ ಒಗ್ಗರಣೆ ಸಿಡಿದರೆ ಕೆಳಗೆ ಗಣಪತಿ ಸೀನುತ್ತಿದ್ದ. ಮಾತು ಕೇಳಿಸುವುದು ಯಾವ ಹೆಚ್ಚು? ತನ್ನ ಕಾರಿದೆಯೆಂದೂ, ಹೆಂಡತಿ ಡುವಾಲ್‌ಗೆ ಹೋಗಿರುವುದರಿಂದ ತಾನೂ ಖಾಲಿಯೆಂದೂ, ಆ ಆಟದಲ್ಲಿ ಅಂಥದ್ದೇನಿದೆಯೋ ಒಂದು ಕೈ ನೋಡಿಯೇಬಿಡುತ್ತೇನೆಂದೂ ಹೇಳಿ, ಯಾರೂ ಹೂಂ ಅನ್ನುವ ಮೊದಲೇ ಸಾಕಮ್ಮನ ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿದ.

ಚಂದ್ರಶೇಖರನ ಟಿಕೆಟ್ಟು ಐದನೆಯ ಸಾಲಿನದು. ಹನ್ನೊಂದು ವರ್ಷದಿಂದ ಅವನದು ಅದೇ ಸೀಟು. ದಾರಿಯಲ್ಲಿ ಫೋನಿನಲ್ಲಿ ಹುಡುಕಿದಾಗ ಅದರ ಬೆನ್ನಿಗೇ ಆರನೆಯ ಸಾಲಿನಲ್ಲಿ ಎರಡು ಸಿಕ್ಕವು.

ಈ ಹುಚ್ಚು ಅವನಿಗೆ ಅಮೆರಿಕಕ್ಕೆ ಬಂದ ಮೇಲೆ ಹಿಡಿದದ್ದಲ್ಲ. ಪಾಂಡವಪುರದ ಸ್ಕೂಲಿನಲ್ಲಿ ದ್ಯಾಮಣ್ಣ ಎಂಬ ಡ್ರಿಲ್ ಮೇಷ್ಟರಿದ್ದರು. ಅವರು ಯಾವುದೋ ತರಬೇತಿಗೆ ಹೋಗಿ ಬರುವಾಗ ಒಂದು ಬ್ಯಾಟು, ಒಂದು ಗ್ಲೌಸು, ಎರಡು ಚೆಂಡು ಹೊತ್ತುಕೊಂಡು ಬಂದರು. ಊರಿಗೆ ಊರೇ ಕ್ರಿಕೆಟ್ ಅನ್ನುತ್ತಿದ್ದಾಗ ಅವರ ಕೈಗೆ ಸಿಕ್ಕ ಹದಿನೆಂಟು ಮಕ್ಕಳು ಬೇಸ್‌ಬಾಲ್ ಆಡಿದರು. ಹನ್ನೊಂದು ವರ್ಷದ ಚಂದ್ರಶೇಖರನನ್ನು ಮೇಷ್ಟರು ಮೈದಾನದ ತುತ್ತತುದಿಯಲ್ಲಿ, ಕಬ್ಬಿನ ಗದ್ದೆಯ ಅಂಚಿನಲ್ಲಿ ನಿಲ್ಲಿಸಿದ್ದರು. ಅಲ್ಲಿಗೆ ಚೆಂಡು ಬರುತ್ತಿದ್ದದ್ದು ವಾರಕ್ಕೊಂದು ಸಲ. ನನ್ನ ಕಡೆ ಚೆಂಡೇ ಬರಲ್ಲ ಮೇಷ್ಟ್ರೇ ಎಂದು ಅಳುಮುಖ ಮಾಡಿದ್ದಕ್ಕೆ ಅವರು, ಬರೋತನಕ ಕಾಯಿ, ಕಾಯೋದೂ ಆಟವೇ ಅಂದಿದ್ದರು. ಚಂದ್ರಶೇಖರ ನಲವತ್ತಮೂರು ವರ್ಷದಿಂದ ಆ ಮಾತನ್ನು ಕೈಬಿಟ್ಟಿರಲಿಲ್ಲ. ಆಡಲು ಬಾರದವನು ಆ ಗದ್ದೆಯ ಅಂಚಿನಲ್ಲಿ ನಿಂತು ನೋಡಲು ಕಲಿತಿದ್ದ.

ನೋಡುವುದರಲ್ಲಿ ಅವನಿಗೆ ಅವನದೇ ರುಚಿ. ಚೆಂಡು ಆಕಾಶಕ್ಕೆ ಹಾರಿ ಜನರ ನಡುವೆ ಬಿದ್ದಾಗ ಎಲ್ಲರೂ ಕುಣಿಯುತ್ತಾರೆ; ಅದು ಅವನಿಗೆ ಮದುವೆಮನೆಯ ಪಟಾಕಿಗಿಂತ ಹೆಚ್ಚಲ್ಲ. ಅವನ ಪ್ರೀತಿಯೆಲ್ಲ ಎಸೆಯುವವನ ಮೇಲೆ. ಅದರಲ್ಲೂ ಬಿರುಸಾಗಿ ಎಸೆಯುವವನಿಗಿಂತ, ಬಿರುಸಾಗಿ ಎಸೆಯುವವನಂತೆ ಕೈಬೀಸಿ ನಿಧಾನಕ್ಕೆ ಬಿಡುವ ಮೋಸಗಾರನ ಮೇಲೆ. ಒಂದಕ್ಕೆ ಸೊನ್ನೆಯಲ್ಲಿ ಮುಗಿಯುವ ಆಟವೆಂದರೆ ಪ್ರಾಣ. ಸ್ಟೇಡಿಯಮ್ಮಿನ ತುಂಬ ಜನ ಅಲೆಯ ಹಾಗೆ ಎದ್ದು ಕೂರುವಾಗ ಇವನೊಬ್ಬ ರುಬ್ಬುಗುಂಡಿನ ಹಾಗೆ ಕೂತಿರುತ್ತಿದ್ದ. ಕಣ್ಣೆದುರೇ ಆಟ ನಡೆಯುತ್ತಿದ್ದರೂ ಒಂದು ಕಿವಿಯಲ್ಲಿ ರೇಡಿಯೋ ಇರಲೇಬೇಕು. ಮಡಿಲಲ್ಲಿ ಚೌಕುಳಿ ಹಾಳೆಯ ಪುಸ್ತಕ, ಕೈಯಲ್ಲಿ ಮೆತ್ತನೆಯ ಪೆನ್ಸಿಲು, ಚೆಂಡು ಹಾರಿ ಬಂದರೆ ಹಿಡಿಯಲೆಂದು ಪಕ್ಕದಲ್ಲಿ ಒಂದು ಗ್ಲೌಸು. ಬ್ಯಾಟು ಹಿಡಿದು ಬಂದ ಒಬ್ಬೊಬ್ಬನಿಗೂ ಒಂದೊಂದು ಚೌಕ, ಅದರೊಳಗೆ ಅವನ ಗತಿ ಏನಾಯಿತೆಂದು ಕನ್ನಡ ಅಂಕಿಗಳಲ್ಲಿ ಗುರುತು.

ಆಟ ಮುಗಿದ ಮೇಲೆ ಪುಟದ ಕೊನೆಯಲ್ಲಿ 'ಕಂಡೆ' ಎಂದು ಬರೆದು ಸಹಿ ಹಾಕುತ್ತಿದ್ದ. ಮೊದಲ ಎಸೆತದಿಂದ ಕೊನೆಯ ಔಟ್‌ವರೆಗೆ ಕಣ್ಣಾರೆ ನೋಡಿದ್ದರೆ ಮಾತ್ರ ಸಹಿ. ಕೊನೆಯ ಔಟ್ ಕಾಣದವನು ಆಟ ಕಂಡವನೇ ಅಲ್ಲ ಎಂಬುದು ಅವನ ಶಾಸನ. ಟ್ರಾಫಿಕ್ಕಿಗೆ ಹೆದರಿ ಅರ್ಧದಲ್ಲಿ ಎದ್ದು ಹೋಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಈ ಯುಗಾದಿಯ ಊಟದಲ್ಲಿ, ಆಫೀಸಿನವರ ಜೊತೆ ಹೋಗಿ ಏಳನೆಯ ಇನ್ನಿಂಗ್ಸಿಗೇ ಎದ್ದು ಬಂದೆ ಎಂದು ಗಣಪತಿ ಬಾಯಿಬಿಟ್ಟಾಗ, ಟೋಟೆಮ್ ಲೇಕ್‌ನ ಅಷ್ಟೂ ಕನ್ನಡಿಗರೆದುರು ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದ. ಹೋಳಿಗೆ ತಣ್ಣಗಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾಕಮ್ಮನೂ ಅದನ್ನು ಕೇಳಿಸಿಕೊಂಡಿದ್ದರು.

ಇಷ್ಟೆಲ್ಲ ನಿಷ್ಠೆಯಿದ್ದೂ ಅವನಿಗೊಂದು ಕೊರಗಿತ್ತು. ಒಬ್ಬ ಎಸೆಗಾರ ಇನ್ನಿಂಗ್ಸಿಗೆ ಮೂರರಂತೆ ಒಂಬತ್ತು ಇನ್ನಿಂಗ್ಸಿನ ಇಪ್ಪತ್ತೇಳು ಔಟ್‌ಗಳನ್ನೂ ಮಾಡಬೇಕು, ಎದುರಾಳಿಗಳಲ್ಲಿ ಒಬ್ಬನೂ ಚೆಂಡನ್ನು ಹೊಡೆದು ಕ್ಷೇಮವಾಗಿ ಮೊದಲ ಬೇಸ್, ಅಂದರೆ ಮೊದಲ ಮನೆ, ಸೇರಬಾರದು. ಅಂಥ ಆಟಕ್ಕೆ ನೋ ಹಿಟ್ಟರ್ ಅನ್ನುತ್ತಾರೆ. ಅದು ಎಲ್ಲೋ ವರ್ಷಕ್ಕೆ ಒಂದೆರಡು ಆಗುವಂಥದು, ಯಾವ ಊರಲ್ಲಿ ಯಾವ ದಿನ ಆಗುತ್ತದೆಂದು ಬ್ರಹ್ಮನಿಗೂ ಗೊತ್ತಿಲ್ಲ. ಚಂದ್ರಶೇಖರನ ಇಪ್ಪತ್ತೇಳು ಪುಸ್ತಕಗಳಲ್ಲಿ ಅಂಥದೊಂದು ಪುಟವಿರಲಿಲ್ಲ. ಸಾಯುವುದರೊಳಗೆ ಒಂದನ್ನು ಕಣ್ಣಾರೆ ಕಂಡು, ಕೆಳಗೆ ಸಹಿ ಹಾಕಿಬಿಟ್ಟರೆ ಸಾಕು, ಇನ್ನೇನೂ ಬೇಡ ಎಂದು ಅವನು ಹೆಂಡತಿಗೆ ಹೇಳುತ್ತಿದ್ದ. ಅವಳು ಆ ಪಟ್ಟಿಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಪಾರ್ಕಿಂಗ್ ಹುಡುಕಿ, ಸಾಕಮ್ಮನ ಡಬ್ಬಿಯನ್ನು ಬಾಗಿಲಲ್ಲಿ ತೆಗೆದು ತೋರಿಸಿ, ಮೊದಲ ಎಸೆತಕ್ಕೆ ನಾಲ್ಕು ನಿಮಿಷ ಇರುವಾಗ ಮೂವರೂ ಕೂತರು. ಚಂದ್ರಶೇಖರನ ಪಕ್ಕದ ಸೀಟಿನಲ್ಲಿ ಎಂದಿನಂತೆ ಬಿಳಿಗೂದಲಿನ ಅಮೆರಿಕನ್ ಅಜ್ಜಿ, ಅವಳ ಮಡಿಲಲ್ಲೂ ಒಂದು ಪುಸ್ತಕ. ಹನ್ನೊಂದು ವರ್ಷದಲ್ಲಿ ಇಬ್ಬರೂ ಒಬ್ಬರ ಹೆಸರು ಒಬ್ಬರು ಕೇಳಿರಲಿಲ್ಲ, ತಲೆಯಾಡಿಸಿದರೆ ಅದೇ ಮಾತು. ಹಿಂದಿನಿಂದ ಸಾಕಮ್ಮ ಅವನ ಭುಜ ತಟ್ಟಿ, ನಿನ್ ತಲೆ ವಸಿ ಬಗ್ಸಪ್ಪ ಎಂದರು. ಆರಡಿಯ ಮಗ ಸೀಟಿನಲ್ಲಿ ಜಾರಿ ಜಾರಿ ಮುದುಡಿ ಕೂತ. ಐದಡಿಗೆ ಮೂರು ಬೆರಳು ಕಡಿಮೆಯಿದ್ದ ಸಾಕಮ್ಮನಿಗೆ ಆಗ ಮೈದಾನ ಕಂಡಿತು.

ಎಸೆಯಲು ಬಂದವನು ಮೂವತ್ತೆಂಟು ವರ್ಷದವನು. ಸಣ್ಣ ಊರುಗಳ ತಂಡಗಳಲ್ಲಿ ಅಲೆದಲೆದು, ಯಾರೋ ಮೊಣಕೈ ನೋಯಿಸಿಕೊಂಡಿದ್ದರಿಂದ ಹೋದ ವಾರವಷ್ಟೇ ಸಿಯಾಟಲ್ ತಂಡದಿಂದ ಕರೆ ಪಡೆದವನು. ಸ್ವಲ್ಪ ಹೊಟ್ಟೆ ಬಂದಿತ್ತು. ಗಣಪತಿ ನಕ್ಕು, ಇವನು ನಮ್ಮ ಆಫೀಸಿನ ಅಕೌಂಟ್ಸ್ ಸೆಕ್ಷನ್ನಿನವನ ಹಾಗಿದ್ದಾನೆ ಎಂದ. ಸಾಕಮ್ಮ ಮಾತ್ರ ನಮ್ಮ ದ್ಯಾಮಣ್ಣ ಮೇಷ್ಟ್ರು ನಿಂತ್ಕಂಡಂಗೇ ಅದೆ ಅಂದರು. ಚಂದ್ರಶೇಖರ ತಿರುಗಿ ನೋಡಿದ. ಹೌದು, ಆ ಸೊಂಟದ ಮೇಲಿನ ಕೈ, ಆ ಬೇಜಾರಿನ ಮುಖ, ಎಲ್ಲ ಅವರದೇ. ಅಮ್ಮನ ಕಣ್ಣು ಎಷ್ಟು ಚುರುಕು ಎಂದು ಅವನಿಗೆ ಆಗಲೇ ತಿಳಿಯಬೇಕಿತ್ತು.

ಆಟ ಅರ್ಥವಾಗುವುದಕ್ಕೆ ಸಾಕಮ್ಮನಿಗೆ ಎರಡು ಇನ್ನಿಂಗ್ಸೂ ಬೇಕಾಗಲಿಲ್ಲ. ನಾಲ್ಕು ಮನೆ, ಸುತ್ತು ಹಾಕಿ ಹೊರಟಲ್ಲಿಗೇ ಬರಬೇಕು, ದಾರಿಯಲ್ಲಿ ಕಡಿಯುವವರಿದ್ದಾರೆ. ಇದು ಚೌಕಾಬಾರ ಅಲ್ವೇನಪ್ಪ ಎಂದರು. ಮೂರನೆಯ ಇನ್ನಿಂಗ್ಸಿನಲ್ಲಿ ಸಿಯಾಟಲ್‌ನವನೊಬ್ಬ ಮೂರು ಮನೆ ದಾಟಿ ನಾಲ್ಕನೆಯದಕ್ಕೆ ಜಾರಿಕೊಂಡು ಬಂದು ಬಿದ್ದಾಗ ಎಲ್ಲರಿಗಿಂತ ಮೊದಲು ಅವರ ದನಿ ಕೇಳಿತು: "ಹಣ್ಣಾಯ್ತು." ಚಂದ್ರಶೇಖರ ಇಪ್ಪತ್ತೇಳು ವರ್ಷದಿಂದ ಎಷ್ಟೋ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಈ ಆಟ ವಿವರಿಸಲು ಹೋಗಿ ಸೋತಿದ್ದ. ಈಗ ಹಿಂದಿನ ಸೀಟಿನಲ್ಲಿ ನಾಲ್ಕನೆಯ ಕ್ಲಾಸು ಓದಿದ ತಾಯಿ ನಿಪ್ಪಟ್ಟು ಮುರಿಯುತ್ತ ಅದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಅವನ ಎದೆ ತುಂಬಿ ಬಂತು.

ಗಣಪತಿಗೆ ಮಾತ್ರ ಬೇಸರ. ಟೆಸ್ಟ್ ಮ್ಯಾಚಿಗಿಂತ ಬೋರು ಎಂದ, ಫೋನು ತೆಗೆದ, ಎದ್ದು ಹೋಗಿ ಕರಿದ ಆಲೂಗಡ್ಡೆ ತಂದ, ಮತ್ತೆ ಎದ್ದು ಹೋಗಿ ಉಪ್ಪು ತಂದ.

ಆರನೆಯ ಇನ್ನಿಂಗ್ಸು ಮುಗಿದಾಗ ಚಂದ್ರಶೇಖರ ಪುಸ್ತಕ ನೋಡಿಕೊಂಡ. ಎದುರಾಳಿಗಳ ಹದಿನೆಂಟು ಮಂದಿ ಔಟಾಗಿದ್ದರು. ಕೆಟ್ಟ ಎಸೆತಗಳಿಂದಾಗಿ ಒಬ್ಬ ಪುಕ್ಕಟೆ ಮೊದಲ ಮನೆಗೆ ಹೋಗಿದ್ದ, ಅಷ್ಟೆ. ಹೊಡೆದು ಹೋದವನು ಒಬ್ಬನೂ ಇಲ್ಲ. ಪಕ್ಕದ ಅಜ್ಜಿ ಇವನ ಪುಸ್ತಕ ನೋಡಿದಳು, ಇವನು ಅವಳ ಪುಸ್ತಕ ನೋಡಿದ. ಇಬ್ಬರೂ ತುಟಿ ಬಿಗಿದುಕೊಂಡರು. ಏಕೆಂದರೆ ಇಂಥ ಹೊತ್ತಿನಲ್ಲಿ ಆ ಹೆಸರನ್ನು ಬಾಯಲ್ಲಿ ಆಡಬಾರದು, ಆಡಿದರೆ ಕೆಡುತ್ತದೆ. ಅದು ಈ ಆಟದ ಹಳೆಯ ನೇಮ. ಮೈದಾನದ ಬೆಂಚಿನಲ್ಲೂ ಆ ಮೂವತ್ತೆಂಟರವನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಸೂತಕದವನ ಹಾಗೆ ಮೂಲೆಯಲ್ಲಿ ಒಬ್ಬನೇ ಕೂತಿದ್ದ.

"ಚಂದ್ರು, ಒಂದು ಡೌಟು," ಎಂದ ಗಣಪತಿ ಆರು ಸಾಲಿಗೂ ಕೇಳುವ ದನಿಯಲ್ಲಿ. "ಆ ಬೋರ್ಡಲ್ಲಿ ಅವ್ರ ಹಿಟ್ಸ್ ಜೀರೋ ಅಂತಿದೆಯಲ್ಲ, ಇದಕ್ಕೇ ಅಲ್ವಾ ನೋ ಹಿಟ್ಟರ್ ಅನ್ನೋದು?"

ಹತ್ತು ಹನ್ನೆರಡು ತಲೆಗಳು ತಟ್ಟನೆ ತಿರುಗಿದವು. ಪಕ್ಕದ ಅಜ್ಜಿ ಕಣ್ಣು ಮುಚ್ಚಿಕೊಂಡು ಏನೋ ಪ್ರಾರ್ಥಿಸಿದಳು. ಏಳನೆಯ ಇನ್ನಿಂಗ್ಸಿನ ಮೊದಲ ಎಸೆತವನ್ನೇ ಎದುರಾಳಿ ಬಲವಾಗಿ ಬಾರಿಸಿದ; ಚೆಂಡು ಗೆರೆಯ ಆಚೆಗೆ ನಾಲ್ಕು ಬೆರಳಿನಷ್ಟರಲ್ಲಿ ಬಿತ್ತು. ನಾಲ್ಕು ಬೆರಳು ಈಚೆ ಬಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಚಂದ್ರಶೇಖರ ಕೈಮುಗಿದು, ದಯವಿಟ್ಟು ಆ ಮಾತು ಆಡಬೇಡಿ ಎಂದು ಗಣಪತಿಯನ್ನು ಬೇಡಿಕೊಂಡ. ಯಾಕೆ ಎಂದು ಗಣಪತಿ ಕೇಳಿದ. ಉತ್ತರವನ್ನು ಸಾಕಮ್ಮ ಕೊಟ್ಟರು.

"ಕೂಸು ದುಂಡ್ಗದೆ ಅಂತ ಯಾರಾನಾ ಬಾಯ್ಬುಟ್ಟು ಅಂತಾರಾ ಗಣಪತಪ್ಪ? ಅಂಗೇ ಇದು. ಸುಮ್ಕೆ ಕುಂತ್ಕೊ."

ಸುಮ್ಮನೆ ಕೂರುವುದು ಗಣಪತಿಯ ಜಾಯಮಾನವಲ್ಲ. ಬಾಯಲ್ಲಿ ಆಡಬಾರದು ಅಂದರೆ ಬರೆಯಬಹುದು ಎಂದು ಅರ್ಥ ಮಾಡಿಕೊಂಡು, ಟೋಟೆಮ್ ಲೇಕ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ, ಚಂದ್ರು ಜೊತೆ ಇದ್ದೇನೆ, ಐತಿಹಾಸಿಕ ನೋ ಹಿಟ್ಟರ್ ನಡೆಯುತ್ತಿದೆ ಎಂದು ಹಾಕಿಬಿಟ್ಟ. ಆ ಗುಂಪಿನ ಮುಕ್ಕಾಲು ಪಾಲು ಡುವಾಲ್‌ನಲ್ಲಿ ಮೈತ್ರಿಯ ಮನೆಯ ಎಲೆಯ ಮುಂದೆ ಕೂತಿತ್ತು. ಒಬ್ಬರ ಹಿಂದೊಬ್ಬರು ಅಭಿನಂದನೆ ಕಳಿಸತೊಡಗಿದರು. ಪಾಯಸ ಬಡಿಸುತ್ತಿದ್ದ ಯಾರೋ ಹೂಗುಚ್ಛದ ಚಿತ್ರ ಕಳಿಸಿದರು. ನಾನೇ ಮೊದಲು ಹೇಳ್ತಿದ್ದೀನಿ ಎಂದು ವಿಜಯಶ್ರೀ ಫೋನು ಮಾಡಿ ಗಂಡನಿಗೆ ಶುಭಾಶಯ ಕೋರಿದಳು. ಇನ್ನೂ ಆಗಿಲ್ಲ ಕಣೇ, ಆಗೋ ಮುಂಚೆ ಹೇಳಬಾರದು ಕಣೇ ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟುವುದರಲ್ಲಿ ಅವಳು ಫೋನನ್ನು ಪುರೋಹಿತರ ಕೈಗೇ ಕೊಟ್ಟಿದ್ದಳು. ಅವರು ತಥಾಸ್ತು ಅಂದರು.

ಎಂಟನೆಯ ಇನ್ನಿಂಗ್ಸಿನಲ್ಲಿ ಗಣಪತಿ ಮತ್ತೊಂದು ಪೋಸ್ಟಿಗೆ ಸಿದ್ಧನಾಗುತ್ತಿದ್ದಾಗ ಚಂದ್ರಶೇಖರ ಹಿಂತಿರುಗಿ ಅವನ ಫೋನಿಗೇ ಕೈಹಾಕಿದ. ಇಬ್ಬರೂ ಫೋನು ಎಳೆದಾಡುತ್ತಿರುವಾಗ ಮೈದಾನದಲ್ಲಿ ಒಂದು ಚೆಂಡು ನೇರ ಒಬ್ಬನ ಕೈಗೆ ಹೋಗಿ ಸೇರಿತು. ಜನ ಕೂಗಿದರು. ಇಪ್ಪತ್ತನಾಲ್ಕು ಔಟ್. ಸಾಕಮ್ಮ ಮಗನ ಬೆನ್ನನ್ನೇ ನೋಡುತ್ತ ಏನೋ ಯೋಚನೆ ಮಾಡುತ್ತಿದ್ದರು.

ಒಂಬತ್ತನೆಯ ಇನ್ನಿಂಗ್ಸು. ನಲವತ್ತು ಸಾವಿರ ಜನ ಎದ್ದು ನಿಂತರು. ಐದನೆಯ ಸಾಲಿನಲ್ಲಿ ಚಂದ್ರಶೇಖರನೂ ಎದ್ದು ತನ್ನ ಆರಡಿ ಎತ್ತರಕ್ಕೆ ನೆಟ್ಟಗೆ ನಿಂತ. ಮೊದಲನೆಯವನು ಔಟ್. ಎರಡನೆಯವನೂ ಔಟ್. ಇನ್ನು ಉಳಿದದ್ದು ಒಂದೇ ಚೌಕ.

ಮೂರನೆಯವನು ಭಂಡ. ಎರಡು ಸಲ ಬೀಸಿದರೂ ಬ್ಯಾಟಿಗೆ ಚೆಂಡು ಸಿಗಲಿಲ್ಲ. ಮೂರನೆಯ ಸಲ ತಪ್ಪಿದರೆ ಔಟ್, ಆದರೆ ಚೆಂಡನ್ನು ಗೆರೆಯಿಂದಾಚೆ ಪಕ್ಕಕ್ಕೆ ಚಿಮ್ಮಿಸುತ್ತಿದ್ದರೆ ಅದು ಲೆಕ್ಕಕ್ಕಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಂತಿರಬಹುದು. ಅವನು ಅದನ್ನೇ ಹಿಡಿದ. ಒಂದು ಪಕ್ಕಕ್ಕೆ, ಮತ್ತೊಂದು ಪಕ್ಕಕ್ಕೆ, ಮೂರು, ನಾಲ್ಕು, ಐದು. ಎಸೆಯುವವನು ಹಣೆಯ ಬೆವರು ಒರೆಸಿಕೊಂಡ, ಮುಖ ಬಾಡಿತ್ತು. ಆರನೆಯದು ಗೆರೆಯನ್ನು ಸವರಿಕೊಂಡಂತೆ ಹೋಯಿತು.

ಆಗ ಚಂದ್ರಶೇಖರನ ಬೆನ್ನ ಮೇಲೆ ಸಾಕಮ್ಮನ ಕೈ ಬಿತ್ತು. ಅವನು ಬಗ್ಗಿ ಕಿವಿ ಕೊಟ್ಟ.

"ಚಂದ್ರ, ನೀನು ನೋಡ್ತಾ ಇರೋದ್ಕೇ ಕಣ್ಲಾ ಇದು ಆಯ್ತಿಲ್ಲ," ಎಂದರು. "ಆಗ್ಲಿಂದ ನೋಡ್ತಾ ಇವ್ನಿ. ನೀನು ಪೆನ್ಸಿಲ್ ಬೀಳುಸ್ಕಂಡು ಬಗ್ಗಿದಾಗ ಔಟು. ಕನ್ನಡ್ಕ ಒರೆಸ್ಕಂಡಾಗ ಔಟು. ಗಣಪತಪ್ಪನ್ ಜೊತೆ ಜಗಳ ಆಡ್ದಾಗ ಔಟು. ನೀನು ಕಣ್ಬುಟ್ಟು ನೋಡಿದ್ರೆ ಅವ್ನು ಬಾರುಸ್ತಾನೆ."

ಅವ್ವಾ, ಅದೆಲ್ಲ ಕಾಕತಾಳೀಯ ಎಂದ ಮಗ. ಅವನು ಎಂಜಿನಿಯರು, ಮೂವತ್ತು ವರ್ಷ ಕಂಪ್ಯೂಟರಿಗೆ ತರ್ಕ ಹೇಳಿಕೊಟ್ಟವನು.

"ಹೆತ್ತವಳ ಕಣ್ಣೇ ಮಗೀಗೆ ಮೊದ್ಲು ತಾಗೋದು," ಎಂದರು ಸಾಕಮ್ಮ. "ನೀನು ಕೂಸಾಗಿದ್ದಾಗ ಉಣ್ಣುಸ್ತಾ ಉಣ್ಣುಸ್ತಾ ಎಷ್ಟು ಚೆಂದಾಗವ್ನೆ ಅಂತ ನಾನು ನೋಡ್ಬುಟ್ರೆ ಸಾಕು, ರಾತ್ರಿಯೆಲ್ಲ ನೀನು ರಚ್ಚೆ ಹಿಡೀತಿದ್ದೆ. ನಿಮ್ಮಜ್ಜಿ ನನ್ನ ಆಚೆ ಕಳ್ಸಿ ತಾವು ಉಣ್ಣುಸ್ತಿದ್ರು. ನಾನು ಹಿತ್ತಲ್ ಬಾಗ್ಲಲ್ಲಿ ಗೋಡೆ ಕಡೀಕ್ ತಿರುಗ್ಕಂಡು ನಿಂತಿರ್ತಿದ್ದೆ. ಆಸೆ ಜಾಸ್ತಿ ಇರೋರ ಕಣ್ಣು ಒಳ್ಳೇದಲ್ಲ ಕಣಪ್ಪ. ವಸಿ ಆಚಿಕ್ ಹೋಗು."

ಏಳನೆಯ ಚೆಂಡು ಪಕ್ಕಕ್ಕೆ ಚಿಮ್ಮಿತು.

ಚಂದ್ರಶೇಖರ ಆ ಎಸೆಗಾರನ ಮುಖ ನೋಡಿದ. ಮೂವತ್ತೆಂಟು ವರ್ಷ, ಸಣ್ಣ ಊರುಗಳ ಬಸ್ಸು ಪ್ರಯಾಣ, ಈ ಒಂದು ಮಧ್ಯಾಹ್ನ. ತಾನು ನೋಡುವುದು ದೊಡ್ಡದೋ, ಅದು ನಡೆಯುವುದು ದೊಡ್ಡದೋ? ಹೆಸರು ಎತ್ತಬಾರದು ಎಂಬ ನೇಮವನ್ನು ನಂಬುವವನು ಕಣ್ಣು ತಾಗುತ್ತದೆ ಎಂಬುದನ್ನು ಯಾವ ಮುಖ ಇಟ್ಟುಕೊಂಡು ಅಲ್ಲಗಳೆಯಬೇಕು? ಇಲ್ಲೇ ನಿಂತು, ಹೊಡೆತ ಬಿದ್ದುಹೋದರೆ, ಬದುಕಿರುವವರೆಗೂ ತನ್ನ ಕಣ್ಣನ್ನು ತಾನೇ ಶಪಿಸಿಕೊಳ್ಳಬೇಕು. ಅವನಿಗೆ ಈ ಆಟದ ಮೇಲೆ ನಿಜವಾದ ಪ್ರೀತಿಯಿತ್ತು, ಅದೇ ಅವನಿಗೆ ಮುಳುವಾಯಿತು. ಪುಸ್ತಕ, ಪೆನ್ಸಿಲುಗಳನ್ನು ಸಾಕಮ್ಮನ ಕೈಗಿಟ್ಟು, ಕೊನೆಯ ಚೌಕವನ್ನು ಬೆರಳಿಟ್ಟು ತೋರಿಸಿ, ಏನಾಯಿತೆಂದು ಇದರಲ್ಲಿ ಬರಿ ಎಂದು ಹೇಳಿ, ಗ್ಲೌಸನ್ನು ಸೀಟಿನ ಮೇಲೆ ಬಿಟ್ಟು, ಮೆಟ್ಟಿಲು ಹತ್ತಿ ಓಡಿದ.

ಮೇಲಿನ ಓಣಿಯಿಂದಲೂ ಮೈದಾನ ಕಾಣುತ್ತಿತ್ತು. ಬೆನ್ನು ತಿರುಗಿಸಿದರೆ ಎದುರಿಗೆ ಟೀವಿ, ಎಡಕ್ಕೆ ಹೊರಳಿದರೆ ಇನ್ನೊಂದು ಟೀವಿ. ಕೊನೆಗೆ ಶೌಚಾಲಯದ ಪಕ್ಕದ ಗೋಡೆಗೆ ಹಣೆ ಒತ್ತಿ, ಟೋಪಿಯನ್ನು ಮುಖಕ್ಕೆ ಎಳೆದುಕೊಂಡು, ಕಿವಿಯ ರೇಡಿಯೋವನ್ನೂ ಕಿತ್ತು ಜೇಬಿಗೆ ಹಾಕಿ ನಿಂತ. ಕಾವಲಿನ ಹೆಂಗಸೊಬ್ಬಳು ಹತ್ತಿರ ಬಂದು, ಹುಷಾರಿದ್ದೀರಾ ಸರ್ ಎಂದು ಕೇಳಿದಳು. ನಾನು ನೋಡಬಾರದು ಎಂದ ಇವನು ಗೋಡೆಗೆ. ಅವಳಿಗೆ ಏನು ಅರ್ಥವಾಯಿತೋ, ಅವಳೂ ದನಿ ತಗ್ಗಿಸಿ, ನಾನೂ ಒಂಬತ್ತನೆಯದು ಶುರುವಾದಾಗಿನಿಂದ ನೋಡಿಲ್ಲ ಸರ್ ಎಂದಳು.

ಒಂದು ಕ್ಷಣ ಇಡೀ ಸ್ಟೇಡಿಯಮ್ಮು ಉಸಿರು ಹಿಡಿದಂತಾಯಿತು. ಮರುಕ್ಷಣ ಹಣೆಗೊತ್ತಿದ ಗೋಡೆ ನಡುಗಿತು.

ಅವನು ಕೆಳಗೆ ಓಡಿ ಬಂದಾಗ ಯಾರು ಯಾರನ್ನೋ ತಬ್ಬಿಕೊಳ್ಳುತ್ತಿದ್ದರು. ಮೈದಾನದ ನಡುವೆ ಎಸೆಗಾರ ಒಡನಾಡಿಗಳ ರಾಶಿಯ ಕೆಳಗೆ ಹೂತುಹೋಗಿದ್ದ. ಹನ್ನೊಂದು ವರ್ಷ ಮಾತಾಡದ ಅಜ್ಜಿ ಸಾಕಮ್ಮನ ಎರಡೂ ಕೈ ಹಿಡಿದು ಅಳುತ್ತಿದ್ದಳು, ಸಾಕಮ್ಮ ಅವಳ ಬಾಯಿಗೆ ನಿಪ್ಪಟ್ಟು ಇಡುತ್ತಿದ್ದರು. ಚಂದ್ರಶೇಖರನ ಕಣ್ಣಲ್ಲೂ ನೀರು. ಆಯಿತಲ್ಲ, ಅಷ್ಟು ಸಾಕು ಎಂದು ಅವನಿಗೆ ಆ ಗಳಿಗೆಯಲ್ಲಿ ಮನಸಾರೆ ಅನ್ನಿಸಿತು. ಆ ಗಳಿಗೆ ಸುಮಾರು ಎರಡು ನಿಮಿಷ ಇತ್ತು.

ಆಮೇಲೆ ಪುಸ್ತಕ ನೋಡಿಕೊಂಡ. ಇಪ್ಪತ್ತೇಳನೆಯ ಔಟ್‌ನ ಚೌಕದಲ್ಲಿ ದಪ್ಪ ಅಕ್ಷರದಲ್ಲಿ 'ಶ್ರೀ' ಎಂದಿತ್ತು. ಇಂಥ ಒಳ್ಳೇದು ಆದಾಗ ಔಟು ಅಂತ ಬರೀಬಾರ್ದು ಅಂತ ಶ್ರೀ ಬರ್ದೆ ಎಂದರು ಸಾಕಮ್ಮ. ಏನಾಯಿತು ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಇವ್ನು ಎಸ್ದ. ಅವ್ನು ಬೀಸ್ದ. ಚೆಂಡು ಆಮ್ಯಾಕೆ ಬಂತು."

ಚಂದ್ರಶೇಖರನಿಗೆ ತಕ್ಷಣ ಅರ್ಥವಾಯಿತು. ಬಿರುಸಾಗಿ ಬೀಸಿದ ಕೈ, ನಿಧಾನಕ್ಕೆ ಬಿಟ್ಟ ಚೆಂಡು. ಅವನು ನಲವತ್ತಮೂರು ವರ್ಷದಿಂದ ಪ್ರೀತಿಸಿದ ಮೋಸ, ಇಪ್ಪತ್ತೇಳನೆಯ ಔಟಿಗೆ, ಅವನ ಸೀಟಿನೆದುರಿಗೆ. ರೇಡಿಯೋದವನು ಹತ್ತು ನಿಮಿಷ ಹೇಳುವುದನ್ನು ಅಮ್ಮ ಮೂರು ಮಾತಿನಲ್ಲಿ ಮುಗಿಸಿದ್ದರು.

ಕಾರಿನಲ್ಲಿ ಕೂತ ಮೇಲೆ ಫೋನು ನೋಡಿದ. ಕೊನೆಯ ಔಟ್ ಆದಾಗ ಸ್ಟೇಡಿಯಮ್ಮಿನ ದೊಡ್ಡ ಪರದೆಯ ಮೇಲೆ ಅವರ ಸಾಲುಗಳನ್ನೇ ತೋರಿಸಿದ್ದರಂತೆ. ಗಣಪತಿ ಅದನ್ನು ಫೋನಿನಲ್ಲಿ ಹಿಡಿದು ಗುಂಪಿಗೆ ಹಾಕಿದ್ದ. ಪರದೆಯ ತುಂಬ ಗಣಪತಿ ಫೋನು ಹಿಡಿದ ಕೈಯೆತ್ತಿ ಕುಣಿಯುತ್ತಿದ್ದಾನೆ, ಪಕ್ಕದಲ್ಲಿ ಸಾಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಾಳೆ ತಟ್ಟುತ್ತಿದ್ದಾರೆ. ಅವರ ಮುಂದೆ ಒಂದು ಖಾಲಿ ಸೀಟು, ಸೀಟಿನ ಮೇಲೆ ಒಂದು ಗ್ಲೌಸು. ಡುವಾಲ್‌ನಿಂದ ಒಂದೇ ಪ್ರಶ್ನೆ ಇಪ್ಪತ್ತು ಸಲ ಬಂದಿತ್ತು: ಚಂದ್ರು ಎಲ್ಲಿ? ಟ್ರಾಫಿಕ್ ಅಂತ ಮುಂಚೆ ಹೊರಟುಬಿಟ್ರಾ? ವಿಜಯಶ್ರೀ ಮಾತ್ರ ಏನೂ ಬರೆಯದೆ ತಣ್ಣಗಾದ ಹೋಳಿಗೆಯ ಒಂದು ಚಿತ್ರ ಹಾಕಿದ್ದಳು.

ಹೆದ್ದಾರಿಯಲ್ಲಿ ವಾಹನಗಳು ನಿಂತಲ್ಲೇ ನಿಂತಿದ್ದವು. ಗಣಪತಿ ಸ್ಟೀರಿಂಗ್ ತಟ್ಟುತ್ತ ತತ್ವ ಹೇಳಿದ.

"ಒಂದು ಮಾತು ಹೇಳ್ಲಾ ಚಂದ್ರು? ನೀವು ಅವತ್ತು ಹೇಳಿದ್ದು ಕರೆಕ್ಟು. ಲಾಸ್ಟ್ ಔಟ್ ನೋಡ್ದೇ ಹೋದ್ರೆ ಆಟ ನೋಡಿದ ಹಾಗೇ ಅಲ್ಲ."

ಚಂದ್ರಶೇಖರ ಹಿಂದಿನ ಸೀಟಿಗೆ ತಿರುಗಿ, ತಾಯಿಯನ್ನು ಮೆಲ್ಲಗೆ ಕೇಳಿದ. "ಅವ್ವಾ, ನಿಜ ಹೇಳು. ನಾನು ಹೋಗಿದ್ದಕ್ಕೇ ಆಗಿದ್ದಾ ಅದು?"

"ಕಣ್ಣು ತಾಗೋದೇನೋ ದಿಟವೇ," ಎಂದರು ಸಾಕಮ್ಮ, ಡಬ್ಬಿಯ ತಳದ ನಿಪ್ಪಟ್ಟಿನ ಚೂರು ಆರಿಸುತ್ತ. "ಆದ್ರೆ ಎಲ್ರೂ ಎದ್ನಿಂತ್ಬುಟ್ರಲ್ಲಪ್ಪ. ನಂಗೆ ನಿನ್ ಬೆನ್ ಬುಟ್ರೆ ಇನ್ನೇನೂ ಕಾಣ್ತಿರ್ನಿಲ್ಲ. ಕೊನೇ ಔಟು ಕಾಣ್ದೋರು ಆಟ ಕಂಡೋರಲ್ಲ ಅಂತ ಯುಗಾದಿ ದಿನ ನೀನೇ ಹೇಳ್ದಲ್ಲ. ಎಂಟ್ ಸುತ್ತು ನೋಡ್ಬುಟ್ಟು ನಾನು ಕೊನೇದು ಬುಟ್ಬುಡ್ಲಾ?"

ಗಣಪತಿ ಕೆಮ್ಮಿದ. ಚಂದ್ರಶೇಖರ ಬಹಳ ಹೊತ್ತು ಮುಂದಿನ ಕಾರಿನ ಕೆಂಪು ದೀಪವನ್ನು ನೋಡಿದ. ಸಿಟ್ಟು ಬರಲಿ ಎಂದು ಕಾದ. ಬಂದದ್ದು ಮಾತ್ರ ಬೇರೆ. ಈ ಮುದುಕಿ ಎಂಟೇ ಇನ್ನಿಂಗ್ಸಿನಲ್ಲಿ ತನಗಿಂತ ದೊಡ್ಡ ಹುಚ್ಚಿಯಾಗಿದ್ದಾಳೆ ಎಂದು ಒಳಗೊಳಗೇ ಹೆಮ್ಮೆಯೆನಿಸಿತು.

ಮಡಿಲ ಪುಸ್ತಕ ಬಿಡಿಸಿದ. ಇಪ್ಪತ್ತಾರು ಔಟ್‌ಗಳ ಚೌಕಗಳಲ್ಲಿ ಅವನ ಅಂಕಿ, ಇಪ್ಪತ್ತೇಳನೆಯದರಲ್ಲಿ ಶ್ರೀ. ಶ್ರೀಯನ್ನು ಅಳಿಸುವ ಹಾಗಿಲ್ಲ. ಪುಟದ ಕೊನೆಯಲ್ಲಿ ಪೆನ್ಸಿಲು ಊರಿ 'ಕಂಡೆ' ಎಂದು ಬರೆದ. ಸಹಿ ಹಾಕುವ ಜಾಗಕ್ಕೆ ಬಂದಾಗ ಕೈ ನಿಂತಿತು. ಶಾಸನ ಬರೆದವನೇ ಅದನ್ನು ಮುರಿಯುವುದು ಹೇಗೆ? ಪುಸ್ತಕವನ್ನು ಹಿಂದಕ್ಕೆ ಚಾಚಿದ. ಸಾಕಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿ ಕಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಬರೆದರು: ಸಾಕಮ್ಮ.

ಮುಂದಿನ ಕಾರು ಇನ್ನೂ ಅಲುಗಿರಲಿಲ್ಲ. ಗಣಪತಿ ಸ್ಟೀರಿಂಗಿನಿಂದ ಒಂದು ಕೈ ತೆಗೆದು ಹಿಂದಕ್ಕೆ ಚಾಚಿದ.

"ಅಮ್ಮ, ಪೆನ್ಸಿಲ್ ಈ ಕಡೆ ಕೊಡಿ," ಎಂದ. "ನಾನೂ ನೋಡಿದೀನಲ್ಲ."